ಅಳತೆ ಪುಸ್ತಕ

ಎದೆ ಮೂವತ್ತೆಂಟು, ಸೊಂಟ ಮೂವತ್ತು,
ಭುಜದಿಂದ ಮಂಡಿಗೆ ನಲವತ್ತೊಂದು.
ಅಳತೆ ಫೋನಿನಲ್ಲೇ ಬಂತು, ಆಳು ಬರಲಿಲ್ಲ.
'ಬಿಳಿ ಕುಪ್ಯ, ಅರ್ಜೆಂಟು' ಅಂದಳು ಆ ಕಡೆಯ ಹುಡುಗಿ,
'ಸರ್‌ಗೆ ಬಿಳಿ, ಕ್ಯಾಮೆರಾದಲ್ಲಿ ಚೆನ್ನಾಗಿ ಕೂರುತ್ತೆ.'

ಬಿಳಿ ಕುಪ್ಯ ಇಲ್ಲಿ ಎರಡೇ ಸಲ, ಮಗಳೇ:
ಮದುವೆಯ ದಿನ, ಮತ್ತೆ ಅಂಗಳದಲ್ಲಿ ಮಲಗಿಸಿದ ದಿನ,
ಅಂತ ನಾನು ಹೇಳಬೇಕಿತ್ತು.
ಹೇಳಲಿಲ್ಲ. ಮುಂಗಡ ಎಷ್ಟು ಅನ್ನುವುದನ್ನೇ ಕಾಯುತ್ತಿದ್ದೆ.

ವಿರಾಜಪೇಟೆಯ ಗಡಿಯಾರ ಕಂಬದಿಂದ ಇಳಿಜಾರಿಗೆ
ಮೂರನೇ ಅಂಗಡಿ. ಉಪ್ಪ ತುಳಿದ ಮೆಷಿನ್ನು.
ನಮ್ಮ ಪ್ರಾರ್ಥನೆ ಬೇರೆ, ಆದರೂ
ಕೊಡವರ ಮೂರು ತಲೆಮಾರಿನ ಭುಜ ನನಗೆ ಗೊತ್ತು:
ಯಾರ ಬಲಭುಜ ಕೋವಿಯ ಒದೆಗೆ ಕೊಂಚ ಇಳಿದಿದೆ,
ಯಾರದು ಪಟ್ಟಾಳದಿಂದ ಬಂದ ಮೇಲೂ
ಮಲಗಿದಾಗಲೂ ನೆಟ್ಟಗೇ ಇದೆ.

ಹಾಡು ಬಂದದ್ದು ಶುಕ್ರವಾರ.
ಗುಡ್ಡದ ನೆತ್ತಿಯಲ್ಲಿ ಜೀಪು, ಜೀಪಿನ ಮೇಲೆ ಅವನು.
ಸೊಂಟಕ್ಕೆ ಕಟ್ಟದೆ ಹಾರುವ ನನ್ನ ಕುಪ್ಯ, ಒಳಗೆ ಬರಿ ಎದೆ,
ಕೆಂಪು ಚೇಲೆ ಜೀಪಿನ ಮೂತಿಗೆ.
ಕೊನೆಗೆ ಪೀಚೆಕತ್ತಿಯಿಂದ ಕೇಕು ಕೊಯ್ದು
ಅಲಗಿನ ಕ್ರೀಮು ನೆಕ್ಕಿದ.
ನಾನು ನೋಡಿದ್ದು ತೋಳಿನ ಸೇರಿಕೆ.
ಎಲ್ಲೂ ಬಿಗಿದಿರಲಿಲ್ಲ.

ಶನಿವಾರ ಪೇಟೆ ಹೊತ್ತಿಕೊಂಡಿತು, ಮಾತಿನಲ್ಲಿ.
ಭಾನುವಾರ ಮೈಸೂರಿನಿಂದ ಮೈಕುಗಳು ಬಂದವು.
'ನಿಮಗೆಷ್ಟು ನೋವಾಗಿದೆ?'
ಹಾಡು ನೋಡದವರೂ ನೋವಾಗುತ್ತದೋ ನೋಡೋಣವೆಂದು ನೋಡಿದರು,
ನೋಡಿ, ಥೂ ಅಂದು, ಇನ್ನೊಬ್ಬರಿಗೆ ಕಳಿಸಿದರು.
ಬೈಗುಳದಷ್ಟು ಬೇಗ ಹೊಗಳಿಕೆ
ಎಂದೂ ಘಾಟಿ ಇಳಿದಿಲ್ಲ.

ಸಂಜೆ ಮುದ್ದಪ್ಪ, ಹಿಂದೆ ಆರು ಹುಡುಗರು.
ಸಿಕ್ಕಿಬಿದ್ದೆ ಅಂದುಕೊಂಡೆ.
'ಪ್ರತಿಕೃತಿ ಸುಡಬೇಕು, ಉಮ್ಮರಾಕ.
ಹುಲ್ಲಿದೆ, ತಲೆಗೆ ಮಡಕೆಯಿದೆ,
ಅವನದೇ ನಮೂನೆಯ ಕಪ್ಪು ಕನ್ನಡಕವೂ ಸಿಕ್ಕಿತು.
ಬಟ್ಟೆ ಮಾತ್ರ ಅವನ ಮೈಮೇಲಿದ್ದ ಹಾಗೇ ಇರಬೇಕು.'
ಅಳತೆ? ಅಂದೆ.
'ಅಂದಾಜಿಗೆ ಹೊಲಿಯಿರಿ.'
ಪುಸ್ತಕ ತೆಗೆಯಲಿಲ್ಲ. ಬಾಯಿಗೆ ಬರುತ್ತಿತ್ತು.
ಎದೆ ಮೂವತ್ತೆಂಟು. ಸೊಂಟ ಮೂವತ್ತು.

ರಾತ್ರಿ ಕತ್ತರಿ ಆಡುತ್ತಿರುವಾಗ ಬೊಳ್ಳಮ್ಮಜ್ಜಿ ಬಂದಳು,
ಮೊಮ್ಮಗನ ಕುಪ್ಯದ ಮಡಿಕೆ ಬಿಡಿಸಲಿಕ್ಕೆ.
(ಹುಡುಗ ಒಂದೇ ವರ್ಷಕ್ಕೆ ಗೇಣುದ್ದ ಬೆಳೆದಿದ್ದಾನೆ.)
ಮೇಜಿನ ಬಿಳಿ ಬಟ್ಟೆ ಸವರಿ, 'ಯಾರ ಮದುವೆ?'
ನಾನು ಸುಮ್ಮನಿದ್ದೆ.
'ಹಾಗಾದರೆ, ಯಾರು ಹೋದರು?'

ಹುಲ್ಲಿನ ಬೊಂಬೆಗೆ, ಅಂದೆ.
ಇಸ್ತ್ರಿಪೆಟ್ಟಿಗೆ ತಾಗಿದಂತೆ ಕೈ ಎಳೆದುಕೊಂಡಳು.
'ಆ ಹುಡುಗ ತಿಳಿಯದೆ ತೊಟ್ಟ.
ಇವರು ತಿಳಿದೂ ಸುಡುತ್ತಾರಾ?'
ಅವಳು ಅತ್ತದ್ದು ನಾನೊಬ್ಬನೇ ನೋಡಿದೆ.
ಮೈಕುಗಳು ಆಗಲೇ ಲಾಡ್ಜಿಗೆ ಹೋಗಿದ್ದವು.

ಸೋಮವಾರ ಕಂಬದ ಬುಡದಲ್ಲಿ ಬೆಂಕಿ.
ಒಂದು ಕೈಯಲ್ಲಿ ಘೋಷಣೆ, ಇನ್ನೊಂದರಲ್ಲಿ ಫೋನು.
ಹುಲ್ಲು ಬೂದಿಯಾದ ಮೇಲೂ
ತೋಳಿನ ಸೇರಿಕೆ ಸ್ವಲ್ಪ ಹೊತ್ತು ನಿಂತೇ ಇತ್ತು.

ಮಂಗಳವಾರ ಅವನು ಕೈಮುಗಿದು ಕ್ಷಮೆ ಕೇಳಿದ,
ಕಣ್ಣು ಒದ್ದೆ ಕಾಣುವ ಬೆಳಕಿನಲ್ಲಿ.
ಕ್ಷಮೆಯ ಕೆಳಗೆ ಮುಂದಿನ ಹಾಡಿನ ತಾರೀಖು.
ಬುಧವಾರ ಹುಡುಗಿಯ ಫೋನು:
'ಥ್ಯಾಂಕ್ಸ್ ಅಂಕಲ್, ಎರಡು ಕೋಟಿ ಆಯ್ತು!'
ದುಡ್ಡೇ? ಅಂದೆ.
'ಅಯ್ಯೋ ಅಲ್ಲ, ನೋಡಿದವರು.'
ಬಿಲ್ಲು ಎಲ್ಲಿಗೆ ಕಳಿಸಲಿ ಅನ್ನುವಷ್ಟರಲ್ಲಿ ಲೈನು ಹೋಯಿತು.
ಮುದ್ದಪ್ಪನೂ ಕೊಟ್ಟಿಲ್ಲ.
'ಊರಿನ ಮಾನದ ಕೆಲಸ' ಅನ್ನುತ್ತಾನೆ.

ಒಂದೇ ಪುಟ, ಒಂದೇ ಅಳತೆ, ಎರಡು ಬಾಕಿ.
ಮೊದಲನೆಯದನ್ನು ಹೊಲಿದವನಾರೆಂದು
ಇಷ್ಟು ಗಲಾಟೆಯಲ್ಲಿ ಒಬ್ಬರೂ ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆನೋ ಏನೋ.

ಅದರ ಕೆಳಗೆ, ಬೇರೆ ಶಾಯಿಯಲ್ಲಿ:
ಬೊಳ್ಳಮ್ಮ, ಮಡಿಕೆ ಬಿಡಿಸಿದ್ದು, ಮೂವತ್ತು ರೂಪಾಯಿ.
ಸಂದಿದೆ.