ಕಿಂಡಿಯಲ್ಲಿ ಎರಡು

ಯಾಕೆ ಬದಲಾಯಿಸಿದರು ಅಂತ ನೀನೂ ಕೇಳುತ್ತೀಯ.
ನವೆಂಬರಿನಲ್ಲಿ ಎಲ್ಲರೂ ಕೇಳುತ್ತಾರೆ,
ಜಿಂಕೆಬೇಟೆ ತೆರೆಯುವ ಹಿಂದಿನ ವಾರ
ಅಜ್ಜನದೊಂದು, ಅಪ್ಪನದೊಂದು
ಕಂಬಳಿಯಲ್ಲಿ ಸುತ್ತಿ ಈ ಅಡುಗೆಮೇಜಿಗೆ ತರುತ್ತಾರೆ.
ಒಂದೇ ಹೆಸರು, ಒಂದೇ ಕಾರ್ಖಾನೆ, ಯಾದ್ವಿಗಾ,
ಅಜ್ಜನದರ ಹೊಟ್ಟೆಯಲ್ಲಿ ಹಿತ್ತಾಳೆಯ ರಾಟೆ,
ಅಪ್ಪನದರಲ್ಲಿ ತಗಡಿನ ಡಬ್ಬಿ. ಯಾಕೆ?

ದುಡ್ಡು, ಅನ್ನುತ್ತೇನೆ. ಸುಳ್ಳಲ್ಲ.
ಒಂದು ರಾಟೆಗೆ ಹದಿನಾಲ್ಕು ಕೈ,
ಹದಿನಾಲ್ಕನೆಯದು ನಾನು:
ಮೂರನೇ ಮಹಡಿ, ನದಿಯ ಕಡೆ ಕಿಟಕಿ,
ಕಿರುಬೆರಳು ಗಾತ್ರದ ಅರ.
ದೀಪದ ಕಾಡಿಗೆ ಹಚ್ಚಿ ಕೂರಿಸಬೇಕು, ತಿರುಗಿಸಬೇಕು,
ಕಾಡಿಗೆ ಎಲ್ಲಿ ಅಳಿಸಿತೋ ಅಲ್ಲಿ ಒಂದೇ ಎಳೆ ಸವರಬೇಕು,
ಮತ್ತೆ ಕೂರಿಸಬೇಕು.
ಐದು ಗುಳಿ, ಐದು ತೋಟಾ,
ಒಂದರ ಮೂಗು ಇನ್ನೊಂದರ ಬೆನ್ನಿಗೆ ತಾಗಕೂಡದು.
ದಿನಕ್ಕೆ ಇಪ್ಪತ್ತೆರಡಾದರೆ ಭೇಷ್.

ಆಫೀಸಿನ ವಿದರೆಲ್ ಕೈಗಡಿಯಾರ ಹಿಡಿದು
ಎರಡು ದಿನ ನನ್ನ ಬೆನ್ನ ಹಿಂದೆ ನಿಂತ,
ಪುದೀನಾ ಪೆಪ್ಪರಮೆಂಟಿನ ವಾಸನೆಯವನು, ಮರ್ಯಾದಸ್ಥ.
ಒತ್ತುವ ಯಂತ್ರ ತಾಸಿಗೆ ನಾನೂರು ಡಬ್ಬಿ ಉಗುಳುತ್ತದಂತೆ.

ಹೊಸ ತೋಟಾಗಳು, ಅನ್ನುತ್ತೇನೆ. ಅದೂ ನಿಜ.
ಯುದ್ಧ ಮುಗಿದ ಮೇಲೆ ದಿನಕ್ಕೊಂದು ಅಳತೆ,
ಒಂದೊಂದಕ್ಕೂ ಬೇರೆ ರಾಟೆ ಕಡೆಯಬೇಕು.
ಡಬ್ಬಿಯಾದರೆ ತಗಡನ್ನು ಚೂರು ಅಗಲಕ್ಕೆ ಮಡಚು, ಆಯಿತು.

ಇಷ್ಟಕ್ಕೆ ಬಂದವರಿಗೆ ಸಮಾಧಾನ.
ಕಂಪನಿಯನ್ನು ನಾಲ್ಕು ಬೈದು
ಕಾಫಿ ಕುಡಿದು ಏಳುತ್ತಾರೆ.

ನೀನು ಎದ್ದಿಲ್ಲ.

ಹಾಗಾದರೆ ಎಡಮಗ್ಗುಲು ತಿರುಗಿಸು.
ಬಟಾಣಿಕಾಳಿನಷ್ಟು ಕಿಂಡಿ ಇದೆಯಲ್ಲ,
ಒಳಗೆ ಎಷ್ಟು ಉಳಿದಿದೆಯೆಂದು ಅದರಲ್ಲೊಂದು ಅಂಕಿ ಇಣುಕುತ್ತದೆ.
ಆ ಅಂಕಿ ಒತ್ತುತ್ತಿದ್ದವಳು ನನ್ನಕ್ಕ ಬ್ರೋನ್ಯಾ,
ಎರಡನೇ ಮಹಡಿಯಲ್ಲಿ, ಹಾಡು ಗುನುಗುತ್ತ.
ಕಾಜಿಕ್ ಅವಳ ಗಂಡ.

ತುಂಬಿದ ಬಂದೂಕು ಗಾಡಿಯೊಳಗೆ ಇರಕೂಡದು, ಕಾನೂನು.
ರಾಟೆಯ ಬಂದೂಕಿಗೋ ಬಾಯಿ ಒಂದೇ:
ಹೊಟ್ಟೆಯಲ್ಲಿದ್ದ ಒಂದೊಂದು ತೋಟಾವೂ
ನಳಿಗೆಯ ಹೊಸ್ತಿಲಿಗೆ ಹೋಗಿ, ಸೂಜಿಗೆ ಬೆನ್ನು ಕೊಟ್ಟು ಕೂತು,
ಎದ್ದು ಹೊರಬೀಳಬೇಕು.
ಖಾಲಿ ಮಾಡಬೇಕೆಂದರೆ
ಐದು ಸಲ ತುಂಬಬೇಕು.

ವರ್ಮಾಂಟ್ ರಸ್ತೆ, ಮುಸ್ಸಂಜೆ,
ಕೈಗವಸು ಕಳಚುವ ಪುರುಸೊತ್ತಿಲ್ಲ.
ಲಿವರ್ ಎಳೆದ. ಒಂದು ಹಿಮಕ್ಕೆ ಬಿತ್ತು.
ಎಳೆದ. ಇನ್ನೊಂದು.
ಮೂರನೆಯದು ಬೀಳಲಿಲ್ಲ.
ಗವಸಿನ ತುದಿ ಕುದುರೆಯನ್ನು ಮುಟ್ಟಿತ್ತು.
ಗಾಡಿಯ ಬಾಗಿಲು ಹಿಡಿದು ನಿಂತಿದ್ದವನು ತಾದೆಕ್, ಹನ್ನೊಂದು ವರ್ಷ.

ಹಿಮ ಕರಗಿದ ಮೇಲೆ ಶೆರಿಫ್ ಬಂದೂಕು ಹಿಂದಿರುಗಿಸಿದ.
ಬ್ರೋನ್ಯಾ ಅದನ್ನು ಏಪ್ರನ್ನಿನಲ್ಲಿ ಸುತ್ತಿ ನನ್ನ ಬೆಂಚಿಗೆ ತಂದಳು.
ಕಿಂಡಿಯಲ್ಲಿ ಇನ್ನೂ ಎರಡು.
ಅವಳೇ ಒತ್ತಿದ ಎರಡು.
ಎಲ್ಲಾದರೂ ತಡೆಯುತ್ತಿತ್ತಾ ನೋಡು, ಅಂದಳು,
ಹಿಡಿಯುತ್ತಿತ್ತಾ, ತುಕ್ಕು, ಏನಾದರೂ.
ಬಿಚ್ಚಿದೆ. ತೋಟಾ ತೆಗೆದೆ. ಬೆರಳಿಂದ ತಿರುಗಿಸಿದೆ.
ಬೆಣ್ಣೆ.
ಅಷ್ಟು ನುಣುಪಾಗಿ ನಾನು ಯಾವುದನ್ನೂ ಕೂರಿಸಿರಲಿಲ್ಲ.
ಅವಳಿಗೆ ಏನು ಹೇಳಿದೆನೋ ನೆನಪಿಲ್ಲ.

ಆ ಬೇಸಿಗೆ ವಿದರೆಲ್ ಗಡಿಯಾರ ಜೇಬಿಗಿಟ್ಟು ಕೇಳಿದ:
ಹತ್ತೊಂಬತ್ತು ವರ್ಷ ಮಾಡಿದ್ದೀರಿ, ನೀವೇನಂತೀರಿ?
ಡಬ್ಬಿ, ಅಂದೆ.
ಜಗಳ ಕಾದಿದ್ದವನು, ಬರೆದುಕೊಳ್ಳುವುದನ್ನೂ ಮರೆತ.

ಒಂದು ಗುಂಡಿ ಒತ್ತಿದರೆ ಐದೂ ಒಟ್ಟಿಗೆ ಅಂಗೈಗೆ.
ಹೌದು, ಕಳೆದುಹೋಗುತ್ತದೆ.
ಪ್ರತಿ ಚಳಿಗಾಲ ಕಾಗದ ಬರುತ್ತಿತ್ತು:
ಡಬ್ಬಿ ಹಿಮದಲ್ಲಿ ಬಿತ್ತು, ಇನ್ನೊಂದು ಕಳಿಸಿ.
ಕಂಪನಿ ಅದಕ್ಕೂ ಬೆಲೆ ಕಟ್ಟಿತು.
ಅಂಗಡಿಕಟ್ಟೆಯಲ್ಲಿ ಮುದುಕರು ಶಾಪ ಹಾಕುತ್ತಾರೆ,
ಹಾಕಲಿ, ಕಂಪನಿಗೆ ತಾಗಲಿ.

ಸರಿ, ಎತ್ತಿಕೋ ನಿನ್ನಜ್ಜನದನ್ನು.
ಮೂತಿ ಆ ಕಡೆ.
ಕಿಂಡಿಯಲ್ಲಿ ಸೊನ್ನೆ ಇದೆಯಾ, ಮೊದಲೇ ನೋಡಿದ್ದೆಯಾ?
ನಾನು ನೋಡಿದ್ದೆ,
ನೀನು ಕಂಬಳಿ ಬಿಚ್ಚುವಾಗಲೇ.