ಸೊನ್ನೆ ಟಿಕೆಟ್

ಕಾಲೇಜಿನಿಂದ ಕಾಗದ ಬಂದೇತಿ, ಹಳೇ ಆಟಗಾರರಿಗೆಲ್ಲಾ:
ಆಯ್ಕೆ ಮುಗಿಯೂತನಕ ಹೊಸಾ ಹುಡುಗೇರ ಕೂಡ
ಮಾತು ಬ್ಯಾಡ, ಬೂಟು ಕೊಡಸೂದು ಬ್ಯಾಡ,
ಒಂದು ಕಪ್ಪು ಚಹಾನೂ ಬ್ಯಾಡ.
ಕೆಳಗ ಹೊಂಬಳ ಸರ್ ಸಹಿ, ಹಸರ ಶಾಯಿ.

ಇವತ್ತ ಬೆಟಗೇರಿ ಸ್ಟಾಪಿನ್ಯಾಗ ಹತ್ತಿದಳು.
ಬಲಿ ಚೀಲದಾಗ ಚೆಂಡು, ಸವದು ಬೋಳಾಗೇತಿ.
ತನ್ನ ಎತ್ತರಕ್ಕ ತಾನ ನಾಚಿ ಬೆನ್ನು ಬಗ್ಗಿಸಿ ನಿಂತಾಳ,
ಹಿಂಗ ನಿಂತಾಕಿ ನಾನೂ ಒಂದ ಕಾಲಕ್ಕ.
"ಹುಬ್ಬಳ್ಳಿ ರೀ."
ಆಧಾರ ಕಾರ್ಡಿನ ಮ್ಯಾಲ ತುಳಜಾ ಬಾಕಳೆ.
ಪಟ್ಟಿಯೊಳಗಿನ ಹೆಸರು.
ಮಷಿನ್ನಿನಿಂದ ಹರದು ಕೊಟ್ಟೆ ಸೊನ್ನೆ ರೂಪಾಯಿ ಟಿಕೆಟ್.
ಕೊಟ್ಟಿದ್ದೂ ಸೊನ್ನಿ, ತಗೊಂಡಿದ್ದೂ ಸೊನ್ನಿ,
ಹೊಂಬಳ ಸರ್, ಬರಕೋರಿ.

ಹುಲಕೋಟಿ ದಾಟಿದ ಮ್ಯಾಲ ಚೆಂಡು ಜಾರಿ
ಸೀಟಿನ ಕೆಳಗ ಉರುಳಿ ನನ್ನ ಕಾಲಿಗೆ ಬಂತು.
ಒಂಬತ್ತನೇ ನಂಬರಿನ ಕೈ ಇನ್ನೂ ಸತ್ತಿಲ್ಲ.
ಎತ್ತಿ ಕೊಟ್ಟೆ. ತುಟಿ ತುದಿಗೆ ಬಂದಿತ್ತು:
ಪಡವಲ ಕಡಿ ರಿಂಗು ಎರಡು ಬೆರಳು ವಾಲೇತಿ,
ಹಾಸ್ಟೆಲ್ಲಿನ ನೀರು ಸವಳು,
ಮೊಣಕಾಲು ಹಿಡದರ ಬಾಯಿ ಮುಚ್ಚಿಕೊಂಡು ಆಡಬ್ಯಾಡ, ನನ್ನಂಗ.

"ಅಕ್ಕಾರ, ನೀವೂ ಆಡ್ತಿದ್ರೇನು?"

"ಮುಂದ ಸರೀರಿ, ಮುಂದ ಜಾಗಾ ಐತಿ" ಅಂದೆ.
ದಿನಾ ಎಲ್ಲಾರಿಗೂ ಅಂತೀನಿ ಅದನ್ನ.