ಸುಣ್ಣದ ತಿಳಿ

ಮೂವತ್ತೊಂದು ವರ್ಷ ಹಡಗಿನ ಹೊಟ್ಟೆ ಕೆರೆದ ಕೈ ಇದು.
ವಾಸ್ಕೋದ ಡ್ರೈಡಾಕಿನಲ್ಲಿ
ಇಳಿದ ನೀರು ಇನ್ನೂ ತೊಟ್ಟಿಕ್ಕುತ್ತಿರುವಾಗಲೇ
ಏಣಿ ಹತ್ತುತ್ತಿದ್ದೆ.
ಚಿಪ್ಪು, ಪಾಚಿ, ಕಲ್ಲಾಗಿ ಕೂತ ಹುಳುಗಳ ಮನೆ
ಎಲ್ಲ ಉದುರಿಸಿ ಬರಿ ಕಬ್ಬಿಣ ತೋರಿಸಿದರೆ
ಸಂಜೆಗೆ ಕೂಲಿ.

ಈಗ ಮಾಂಗೋರ್ ಹಿಲ್‌ನ ಒಂದೂವರೆ ಕೋಣೆಯಲ್ಲಿ
ಗಾಜಿನ ಮುಂದೆ ಕೂತು ಕಾಯುತ್ತೇನೆ,
ಏನಾದರೂ ಹತ್ತಿಕೊಳ್ಳಲಿ ಎಂದು.

ತೊಟ್ಟಿ ನಮ್ಮದಲ್ಲ. ಮೇಲಿನ ಮನೆಯ ಅನಾಕ್ಲೆತ್
ಸ್ವಿಂಡನ್ನಿಗೆ ಹೋಗುವಾಗ ಬಿಟ್ಟುಹೋದದ್ದು:
ಎರಡು ಮೀನು, ಒಂದು ಪಂಪು, ಮೂಳೆಯಂತೆ ಬೆಳ್ಳಗಿನ ಕಲ್ಲುಗಳು.
ಅಂಗೈಯಗಲದ ಒಂದರ ಮೇಲೆ ಮಾತ್ರ
ಒದ್ದೆ ಕುಂಕುಮ ಒಣಗಿದಂಥ ಕಲೆ.
"ಇದು ಎಲ್ಲ ಕಡೆ ಹಬ್ಬಬೇಕು ಮಾಮಾ,
ಸುಣ್ಣ ತಿಂದು ಕಲ್ಲಾಗುವ ಪಾಚಿ ಇದು."
ಹಾಳೆಯಲ್ಲಿ ಬರೆದೂ ಕೊಟ್ಟ:
ದೀಪ ನೀಲಿ, ಹೆಚ್ಚು ಹೊತ್ತು ಬೇಡ.
ಮೀನಿಗೆ ಒಂದು ಚಿಟಿಕೆ, ಅಷ್ಟೇ.
ಕ್ಯಾಲ್ಸಿಯಂ ನಾನೂರಿಪ್ಪತ್ತು. ಅದರ ಕೆಳಗೆ ಎರಡು ಗೆರೆ.

ನಾಲ್ಕನೆತ್ತೆ ಫೇಲಾದವನು ನಾನು
ಸಣ್ಣ ಬಾಟಲಿಯಲ್ಲಿ ನೀರು ಹಿಡಿದು
ಗುಲಾಬಿ ನೀಲಿಯಾಗುವವರೆಗೆ ಹನಿ ಎಣಿಸುತ್ತೇನೆ.
ಹದಿನೇಳು, ಹದಿನೆಂಟು...
ಬಾಳವ್ವ ನಡುವೆ ಏನೋ ಕೇಳಿದರೆ
ಮತ್ತೆ ಒಂದರಿಂದ.

ಕಡಿಮೆ ಬಿದ್ದರೆ ಮದ್ದು ಸುಣ್ಣ.
ಡಬ್ಬದ ಶುದ್ಧ ಸುಣ್ಣ ನೀರಲ್ಲಿ ಕದಡಿ, ಗಸಿ ಕೂತ ಮೇಲೆ
ಮೇಲಿನ ತಿಳಿ ಮಾತ್ರ, ರಾತ್ರಿಯಿಡೀ, ಹನಿಹನಿಯಾಗಿ.
ಬಾಳವ್ವ ನಕ್ಕಳು. ಸೊಂಟದ ಚಂಚಿ ಬಿಚ್ಚಿ
ಎಲೆಗೆ ಬೆರಳ ತುದಿಯಷ್ಟು ಸವರುತ್ತ,
"ಇಷ್ಟಕ್ಕ ಒಂದ್ ಹಾಳಿ ಬರದಾನೇನ್ ಅವ?
ಸುಣ್ಣ ಹೆಚ್ಚಾದ್ರ ಬಾಯಿ ಸುಡತೈತಿ,
ಕಡಿಮಿ ಆದ್ರ ಕೆಂಪ ಏರಂಗಿಲ್ಲ."
ಬಾಟಲಿಗಿಂತ ಅವಳ ನಾಲಿಗೆಯನ್ನೇ
ನಂಬಬೇಕೆನಿಸಿತು ಒಂದು ಗಳಿಗೆ.

ಮೊದಲು ಕಂದು ಧೂಳು ಬಂತು.
ಆಮೇಲೆ ಹಸಿರು, ಕೂದಲುದ್ದ.
ಆರು ಬಸವನಹುಳು ಬಿಟ್ಟೆವು, ಮೇಯ್ದವು.
ಆಮೇಲೆ ಮೂರು ತಿಂಗಳು ಏನೂ ಇಲ್ಲ.
ಕರೆಂಟು ಹೋದ ಒಂದು ರಾತ್ರಿ ಬಾಳವ್ವ ಎದ್ದು
ಮಗ್ಗಿನಲ್ಲಿ ನೀರು ಎತ್ತಿ ಎತ್ತಿ ಸುರಿದಳು
ಬೆಳಗಿನವರೆಗೆ, ಮೀನು ಉಸಿರಾಡಲೆಂದು.

ಒಂದು ದಿನ ಕನ್ನಡಕವಿಲ್ಲದೆ
ಗಾಜು ಒರೆಸಲು ಹೋದೆ. ಮೂಲೆಯಲ್ಲಿ
ಗಟ್ಟಿ ಏನೋ ಸಿಕ್ಕಿತು.
ಕೈ ನನ್ನನ್ನು ಕೇಳಲಿಲ್ಲ.
ಪಟ್ಟಿ ಓರೆಮಾಡಿ, ಹೆಬ್ಬೆರಳು ಒತ್ತಿ,
ಕೆಳಗಿಂದ ಮೇಲಕ್ಕೆ ಒಂದೇ ಎಳೆತ.
ನೀರಲ್ಲಿ ಗುಲಾಬಿ ಪುಡಿ ಹಾರಿತು.

ಉಗುರಿನಷ್ಟಿತ್ತು. ಅಷ್ಟು ದಿನ ಕಾದದ್ದು ಅದನ್ನೇ.
ಬಾಳವ್ವ ಏನೂ ಅನ್ನಲಿಲ್ಲ.
ಚಹಾ ಆರಿತು.

ರಾತ್ರಿ ಫೋನಿನಲ್ಲಿ ಅನಾಕ್ಲೆತ್ ನಕ್ಕ, ಅಲ್ಲಿನ್ನೂ ಹಗಲು:
"ಒಳ್ಳೆಯದೇ ಮಾಡಿದಿರಿ ಮಾಮಾ, ಕೆರೆದ ಪುಡಿಯೇ ಬೀಜ.
ಬಿದ್ದಲ್ಲಿ ಹತ್ತುತ್ತದೆ. ಸುಣ್ಣ ಮಾತ್ರ ನಿಲ್ಲಿಸಬೇಡಿ."

ಬೈನಾದ ದಂಡೆಯಿಂದ ಜೆಸಿಬಿ ನಮ್ಮ ಸಾಲನ್ನು ಕೆರೆದಾಗ
ಯಾರೂ ಹೀಗೆ ಹೇಳಿರಲಿಲ್ಲ.
ತಗಡು, ಕೊಡ, ಯಾರದೋ ಹೊಲಿಗೆ ಯಂತ್ರ,
ಕೆಲವರು ಬಿರ್ಲಾಕ್ಕೆ, ಕೆಲವರು ಸಾಂಕ್ವಾಳಕ್ಕೆ, ನಾವು ಇಲ್ಲಿಗೆ.

ಈಗ ಪಂಪಿನ ಕರಿ ಪ್ಲಾಸ್ಟಿಕ್ಕಿನ ಮೇಲೆ ಮೂರು ಚುಕ್ಕೆ.
ವೈರಿನ ಮೇಲೆ ಒಂದು.
ಒಂದು ಬಸವನಹುಳುವಿನ ಬೆನ್ನ ಮೇಲೂ,
ಊರೆಲ್ಲ ತಿರುಗುತ್ತಿದೆ.
ಬಿಳಿ ಕಲ್ಲುಗಳ ಮೇಲೆ ಇನ್ನೂ ಇಲ್ಲ;
ಹೇಳಿದಲ್ಲಿ ಬೆಳೆಯುವ ಜಾತಿಯಲ್ಲ ಇದು.

ನಿದ್ದೆ ಬಾರದಿದ್ದರೆ ಲೆಕ್ಕ ಹಾಕುತ್ತೇನೆ,
ಈ ಕೈಯಿಂದ ಉದುರಿದ್ದು ಎಷ್ಟು ಬುಟ್ಟಿ,
ಯಾವ ಯಾವ ಬಂದರು ಕಂಡ ಚಿಪ್ಪು,
ತೊಳೆದ ನೀರಿನ ಜೊತೆ ಜುವಾರಿಯ ಬಾಯಿಗೆ ಹೋದದ್ದು
ಎಲ್ಲಿ ಕೂತಿದೆಯೋ.

ಸುಣ್ಣದ ಹನಿ ಬೀಳುತ್ತದೆ.
ಕತ್ತಲಲ್ಲೇ ಬಾಳವ್ವನ ದನಿ:
"ಎಚ್ಚರ ಅದೀರೇನು? ಎಷ್ಟನೇದಿದು?"
ಎಣಿಕೆ ತಪ್ಪಿತು.